ಸಂಶೋಧಕಿಯನ್ನು ಕೇಳಿ: ಮಕ್ಕಳ ತೂಕ, ತಾಯಂದಿರ ನೆನಪು, ನಮ್ಮ ಲೆಕ್ಕ

ಯೂನಿವರ್ಸಿಟಿಯೊಂದರಲ್ಲಿ ಮಕ್ಕಳ ಮತ್ತು ಕುಟುಂಬಗಳ ಆರೋಗ್ಯದ ಡೇಟಾ ನೋಡುವುದು ನನ್ನ ಕೆಲಸ. ಅದರ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಸಂಪಾದಕರು ಹೋದ ಸಂಚಿಕೆಯಲ್ಲಿ ಹಾಕಿದ್ದರು. ನಾಲ್ಕಾರು ಪ್ರಶ್ನೆ ಬಂದಾವು ಅಂದುಕೊಂಡಿದ್ದೆ, ಕಟ್ಟುಗಟ್ಟಲೆ ಬಂದಿವೆ. ಒಂದೇ ಥರದವನ್ನು ಒಟ್ಟಿಗೆ ಸೇರಿಸಿದ್ದೇನೆ. ಮಗುವಿನ ಕೆಮ್ಮಿಗೆ ಔಷಧಿ ಕೇಳಿದವರಿಗೆ ಮೊದಲೇ ಹೇಳಿಬಿಡುತ್ತೇನೆ: ನನ್ನ ಹೆಸರಿನ ಹಿಂದೆ ಡಾಕ್ಟರ್ ಅಂತ ಇದೆ ನಿಜ, ಆದರೆ ನಾನು ಆ ಡಾಕ್ಟರ್ ಅಲ್ಲ.

ಪ್ರಶ್ನೆ: ಮೇಡಂ, ನೀವು ದಿನವಿಡೀ ಏನು ಮಾಡುತ್ತೀರಿ? ಮಕ್ಕಳ ಜೊತೆ ಇರುತ್ತೀರಾ, ಕಂಪ್ಯೂಟರ್ ಜೊತೆನಾ?
— ಸ್ಟ್ಯಾಟಿಸ್ಟಿಕ್ಸ್ ಓದುತ್ತಿರುವ ವಿದ್ಯಾರ್ಥಿನಿ

ಕಂಪ್ಯೂಟರ್ ಜೊತೆನೇ. ಮಕ್ಕಳು ನನ್ನ ಮುಂದೆ ಬರುವುದು ಸಾಲುಗಳಾಗಿ. ಒಂದು ಮಗುವಿಗೆ ಒಂದು ಸಾಲು. ಹುಟ್ಟಿದ ತಿಂಗಳು, ಗಂಡೋ ಹೆಣ್ಣೋ, ತೂಕ, ಎತ್ತರ, ಯಾವ ಲಸಿಕೆ ಆಗಿದೆ, ಅಮ್ಮ ಎಷ್ಟು ಓದಿದ್ದಾಳೆ, ಮನೆಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲವೂ ಆ ಒಂದು ಸಾಲಿನಲ್ಲಿ. ಅಂಥ ಸಾವಿರಾರು ಸಾಲು. ಲೆಕ್ಕ ಹಾಕುವುದು ಕೊನೆಯ ಕೆಲಸ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಬರೀ ಡೇಟಾ ಕ್ಲೀನ್ ಮಾಡುವುದೇ ಆಗುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಮೂರು ವರ್ಷದ ಮಗು, ಎತ್ತರ 59 ಸೆಂ.ಮೀ ಅಂತ ಇದೆ. ಮೂರು ವರ್ಷದ ಮಗು ಅಷ್ಟು ಕುಳ್ಳಗಿರುವುದು ಸಾಧ್ಯವೇ ಇಲ್ಲ. 95 ಅಂತ ಬರೆಯಲು ಹೋಗಿ 59 ಆಗಿರಬೇಕು ಅಂತ ನಿಮಗೂ ಅನಿಸುತ್ತದೆ, ನನಗೂ ಅನಿಸುತ್ತದೆ. ಆದರೂ ತಿದ್ದುವ ಹಾಗಿಲ್ಲ. ಅನಿಸಿದ್ದನ್ನೆಲ್ಲ ತಿದ್ದುತ್ತಾ ಹೋದರೆ ಕೊನೆಗೆ ಉಳಿಯುವುದು ನನ್ನ ಡೇಟಾ, ಆ ಮಕ್ಕಳದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಗೆರೆ ಹಾಕಿಕೊಟ್ಟಿದೆ. ವಯಸ್ಸಿಗೆ ತಕ್ಕ ಎತ್ತರದ ಝಡ್ ಸ್ಕೋರ್, ಅಂದರೆ ಆ ವಯಸ್ಸಿನ ಮಕ್ಕಳ ನಡುಮಟ್ಟದ ಎತ್ತರಕ್ಕಿಂತ ಮಗು ಎಷ್ಟು ಮೇಲೆ ಅಥವಾ ಕೆಳಗಿದೆ ಅನ್ನುವ ಅಳತೆ, ಮೈನಸ್ 6ಕ್ಕಿಂತ ಕೆಳಗೆ ಅಥವಾ ಪ್ಲಸ್ 6ಕ್ಕಿಂತ ಮೇಲೆ ಹೋದರೆ ಆ ಅಳತೆಯನ್ನು ಲೆಕ್ಕದಿಂದ ಹೊರಗಿಡಬೇಕು. ಎಷ್ಟು ಸಾಲು ಹೊರಗಿಟ್ಟೆವು ಅಂತ ಪೇಪರಿನಲ್ಲಿ ಬರೆಯಬೇಕು. ಬರೆಯದ ಪೇಪರ್ ಕಂಡರೆ ನನಗೆ ಮೊದಲು ಅನುಮಾನ ಬರುವುದೇ ಅಲ್ಲಿ.

ಇನ್ನೊಂದು ಸಣ್ಣ ಕಾಲಂ ಇದೆ, ನನಗೆ ಬಲು ಇಷ್ಟ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಎರಡು ತುಂಬಿದವರನ್ನು ನಿಲ್ಲಿಸಿ. ಅದೇ ಮಗು ಮಲಗಿದಾಗ ನಿಂತಾಗಿನದಕ್ಕಿಂತ ಸುಮಾರು 0.7 ಸೆಂ.ಮೀ ಉದ್ದ ಬರುತ್ತದೆ. ಒಂದೂವರೆ ವರ್ಷದ ಮಗುವನ್ನು ನಿಲ್ಲಿಸಿ ಅಳೆದಿದ್ದರೆ ನಾವು 0.7 ಸೇರಿಸಬೇಕು. ದೊಡ್ಡ ಮಗುವನ್ನು ಮಲಗಿಸಿದ್ದರೆ ಅಷ್ಟನ್ನೇ ಕಳೆಯಬೇಕು. ಅದಕ್ಕೇ 'ಮಲಗಿಸಿದ್ದಾ, ನಿಲ್ಲಿಸಿದ್ದಾ' ಅಂತ ಒಂದು ಕಾಲಂ ಇರುತ್ತದೆ. ಹೊಸಬರು ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ. ನಾನು ಫೈಲ್ ತೆರೆದ ಕೂಡಲೇ ನೋಡುವುದು ಅದನ್ನೇ. ಆ ಕಾಲಂ ನೀಟಾಗಿ ತುಂಬಿದ್ದರೆ, ಅಳೆದವರು ಮನಸ್ಸಿಟ್ಟು ಅಳೆದಿದ್ದಾರೆ ಅಂತ ಅರ್ಧ ಧೈರ್ಯ ಬರುತ್ತದೆ.

ಪ್ರಶ್ನೆ: ಸರ್ವೆಯವರು ಬಂದಾಗ ಜನ ಬಾಯಿಗೆ ಬಂದದ್ದು ಹೇಳಿ ಕಳಿಸುತ್ತಾರೆ. ಆ ಸುಳ್ಳಿನ ಮೇಲೆ ನೀವು ಲೆಕ್ಕ ಕಟ್ಟುತ್ತೀರಿ. ಅಲ್ವಾ?
— ಒಬ್ಬ ಲೆಕ್ಕಪತ್ರ ಅಧಿಕಾರಿ

ಜನ ಸುಳ್ಳು ಹೇಳುವುದು ಕಡಿಮೆ ಸರ್. ಜನ ರೌಂಡ್ ಫಿಗರ್ ಹೇಳುತ್ತಾರೆ. ನಮಗೆ ತಲೆನೋವು ಅದು.

ಹುಟ್ಟಿದಾಗ ಮಗು ಎಷ್ಟು ತೂಕ ಇತ್ತು ಅಂತ ಕೇಳಿದರೆ 'ಎರಡೂವರೆ ಕೆ.ಜಿ' ಅಂತ ಬರುವ ಉತ್ತರ ಬಹಳ. 2480 ಗ್ರಾಂ ಇದ್ದದ್ದೂ ಎರಡೂವರೆ, 2540 ಇದ್ದದ್ದೂ ಎರಡೂವರೆ. ಎಷ್ಟೋ ಕಡೆ ಆಸ್ಪತ್ರೆಯ ಚೀಟಿಯಲ್ಲೇ ಹಾಗೆ ಬರೆದಿರುತ್ತಾರೆ. ಗ್ರಾಫ್ ಹಾಕಿದರೆ ಸರಿಯಾಗಿ 2500ರ ಮೇಲೆ ಒಂದು ಗೋಪುರ ಎದ್ದು ನಿಲ್ಲುತ್ತದೆ. ತೊಂದರೆ ಏನು ಗೊತ್ತಾ? 'ಕಡಿಮೆ ತೂಕದ ಮಗು' ಅನ್ನುವುದಕ್ಕೆ ಇರುವ ಗೆರೆಯೂ 2500 ಗ್ರಾಮೇ. ಅದಕ್ಕಿಂತ ಕೆಳಗಿದ್ದರೆ ಕಡಿಮೆ, ಸರಿಯಾಗಿ 2500 ಇದ್ದರೆ ಸರಿ. ಅಂದರೆ ಆ ಗೋಪುರದೊಳಗೆ ಕಡಿಮೆ ತೂಕದ ಒಂದಷ್ಟು ಮಕ್ಕಳು ಅಡಗಿ ಕೂತಿರುತ್ತಾರೆ. ಸರಿಯಾಗಿ 2500 ಅಂತ ಬಂದವರಲ್ಲಿ ಕಾಲು ಭಾಗವನ್ನು ಕಡಿಮೆ ತೂಕದ ಲೆಕ್ಕಕ್ಕೆ ಸೇರಿಸುವ ಪದ್ಧತಿ ಬಹಳ ಕಾಲ ಇತ್ತು. ಒರಟು ಉಪಾಯವೇ. ಆದರೂ ಏನೂ ಮಾಡದೆ ಬಿಡುವುದಕ್ಕಿಂತ ವಾಸಿ.

ಸಾವಿನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಶಿಶು ಮರಣ ಅಂದರೆ ವರ್ಷ ತುಂಬುವ ಮೊದಲು ಹೋದ ಮಕ್ಕಳ ಲೆಕ್ಕ. ಹತ್ತು ಹನ್ನೊಂದು ತಿಂಗಳಿಗೆ ಮಗು ಕಳೆದುಕೊಂಡ ತಾಯಿ 'ಒಂದು ವರ್ಷ ಆಗಿತ್ತು' ಅನ್ನುತ್ತಾಳೆ. ಅದು ಸುಳ್ಳಾ? ಅಲ್ಲ. ಆದರೆ ಆ ಮಗು ಶಿಶು ಮರಣದ ಲೆಕ್ಕದಿಂದ ಜಾರಿ ಹೋಗುತ್ತದೆ. ಹಾಗಾಗಿ ದೊಡ್ಡ ಸರ್ವೆಗಳಲ್ಲಿ ಒಂದು ಕಟ್ಟಳೆ ಇದೆ. ತಿಂಗಳೊಳಗೆ ಹೋಗಿದ್ದರೆ ದಿನಗಳಲ್ಲಿ ಬರೆಯಬೇಕು, ಎರಡು ವರ್ಷದೊಳಗಾದರೆ ತಿಂಗಳುಗಳಲ್ಲಿ, ಆಮೇಲೆ ವರ್ಷಗಳಲ್ಲಿ. 'ಒಂದು ವರ್ಷ' ಅಂದರೆ ಅಲ್ಲಿಗೇ ಬಿಡದೆ ಎಷ್ಟು ತಿಂಗಳಾಗಿತ್ತು ಅಂತ ಮೆಲ್ಲಗೆ ಇನ್ನೊಮ್ಮೆ ಕೇಳಬೇಕು. ಹಾಗೆ ಕೇಳಿದರೂ 12 ತಿಂಗಳಲ್ಲಿ ಗ್ರಾಫ್ ಉಬ್ಬಿರುತ್ತದೆ.

ಇನ್ನು ನಮ್ಮ ಕಡೆಯವರ ಕರಾಮತ್ತು. ಹಲವು ಸರ್ವೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಪುಟಗಟ್ಟಲೆ ಹೆಚ್ಚುವರಿ ಪ್ರಶ್ನೆ ಇರುತ್ತವೆ. ಲಸಿಕೆ, ಭೇದಿ, ಹಾಲುಣಿಸಿದ್ದು, ತೂಕ, ಎತ್ತರ. ಮಗು ಹುಟ್ಟಿದ ವರ್ಷವನ್ನು ಒಂದೇ ಒಂದು ವರ್ಷ ಹಿಂದಕ್ಕೆ ತಳ್ಳಿದರೆ ಅಷ್ಟೂ ತಪ್ಪುತ್ತದೆ! ಸಂಜೆ ಹೊತ್ತು, ಕಾಲು ನೋವು, ಇನ್ನೂ ನಾಲ್ಕು ಮನೆ ಬಾಕಿ. ಕೆಲವರು ತಳ್ಳಿಬಿಡುತ್ತಾರೆ. ಐದು ವರ್ಷದ ಗೆರೆಯ ಈಚೆ ಮಕ್ಕಳು ಕಡಿಮೆ, ಆಚೆ ದಿಢೀರ್ ಜಾಸ್ತಿ ಕಂಡರೆ ಏನು ನಡೆದಿದೆ ಅಂತ ನಮಗೆ ಗೊತ್ತಾಗುತ್ತದೆ. ನಾನು ಅವರನ್ನು ಬೈಯಲ್ಲ. ಅಷ್ಟುದ್ದ ಪ್ರಶ್ನಾವಳಿ ಬರೆದವರು ಏಸಿ ಕೋಣೆಯಲ್ಲಿ ಕೂತಿದ್ದರು.

ಹಾಂ, ಉತ್ತರವೇ ಬಾರದ ಮನೆಗಳನ್ನು ಮರೆಯಬಾರದು. ಮಕ್ಕಳ ಲೆಕ್ಕ ಕೊಡುವವಳು ತಾಯಿ. ಆಕೆಯೇ ತೀರಿಕೊಂಡಿದ್ದರೆ ಅವಳ ಮಕ್ಕಳು, ಉಳಿದಿದ್ದರೂ ಹೋಗಿದ್ದರೂ, ನಮ್ಮ ಫೈಲಿಗೆ ಬರುವುದೇ ಇಲ್ಲ. ಇದನ್ನು ಯಾವ ಫಾರ್ಮುಲಾ ಹಾಕಿಯೂ ಪೂರ್ತಿ ಸರಿಮಾಡಲಾಗದು.

ಪ್ರಶ್ನೆ: ನಮ್ಮ ಮನೆಗೆ ಸರ್ವೆಯವರು ಬಂದು ಇಬ್ಬರು ಮಕ್ಕಳ ತೂಕ ನೋಡಿ, ನೂರೆಂಟು ಪ್ರಶ್ನೆ ಕೇಳಿ ಹೋದರು. ನಮ್ಮ ಹೆಸರು ಯಾರ ಕೈಗೆ ಸಿಗುತ್ತದೆ?
— ಒಬ್ಬ ತಂದೆ

ತಂದೆಯೊಬ್ಬರು ಕೇಳಿದ್ದು ಖುಷಿ. ನಮ್ಮ ಫೈಲುಗಳಲ್ಲಿ ಅಪ್ಪಂದಿರು ಸಿಗುವುದೇ ಅಪರೂಪ. ಅಮ್ಮನನ್ನು ಗಂಟೆಗಟ್ಟಲೆ ಕೇಳುತ್ತಾರೆ, ಅಪ್ಪನ ಪಾಲಿಗೆ ಓದು, ಕೆಲಸ ಅಂತ ಒಂದೆರಡು ಕಾಲಂ. ಮಗುವಿನ ಆರೋಗ್ಯ ಅಂದರೆ ತಾಯಿಯೊಬ್ಬಳ ಜವಾಬ್ದಾರಿ ಅಂತ ಪ್ರಶ್ನಾವಳಿಯೇ ತೀರ್ಮಾನ ಮಾಡಿದ ಹಾಗಿದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನಂಥವರಿಗೆ ಹೆಸರು ಬರುವುದಿಲ್ಲ. ಹೆಸರು, ಮನೆ ನಂಬರ್, ಫೋನ್ ತೆಗೆದು ಒಂದು ಅಂಕಿ ಕೊಟ್ಟು ಕಳಿಸುತ್ತಾರೆ. ಆದರೆ ಹೆಸರು ತೆಗೆದರೆ ಮುಗಿಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲತಾನ್ಯಾ ಸ್ವೀನಿ ಅನ್ನುವ ಕಂಪ್ಯೂಟರ್ ವಿಜ್ಞಾನಿ 2000ದಲ್ಲಿ ಒಂದು ಲೆಕ್ಕ ತೋರಿಸಿದರು. ಪಿನ್‌ಕೋಡ್ ಥರದ ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ಈ ಮೂರೇ ಇದ್ದರೆ ಅಮೆರಿಕದ 87 ಶೇಕಡಾ ಜನರನ್ನು ಇವರೇ ಅಂತ ಬೊಟ್ಟು ಮಾಡಬಹುದು. ಹೆಸರೇ ಬೇಕಾಗಿಲ್ಲ. ಅವಳಿ ಮಕ್ಕಳಿರುವ ಮನೆ, ಒಂಬತ್ತು ಮಕ್ಕಳಿರುವ ಮನೆ ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತವೆ.

ಅದಕ್ಕೇ ಬೇರೆ ಬೇರೆ ಬಂದೋಬಸ್ತು ಇದೆ. ಹತ್ತಾರು ದೇಶಗಳಲ್ಲಿ ಮನೆಮನೆಗೆ ಹೋಗಿ ಜನಸಂಖ್ಯೆ, ಆರೋಗ್ಯದ ವಿವರ ಕೇಳಿ ನಡೆಸಿದ ಡಿಎಚ್‌ಎಸ್ ಸರ್ವೆಗಳಲ್ಲಿ ಊರಿನ ಜಾಗವನ್ನು ಮ್ಯಾಪಿನಲ್ಲಿ ಬೇಕೆಂದೇ ಸರಿಸಿ ಕೊಡುತ್ತಾರೆ. ಪಟ್ಟಣವಾದರೆ 2 ಕಿ.ಮೀವರೆಗೆ, ಹಳ್ಳಿಯಾದರೆ 5 ಕಿ.ಮೀವರೆಗೆ, ನೂರಕ್ಕೊಂದು ಹಳ್ಳಿಯನ್ನು 10 ಕಿ.ಮೀವರೆಗೂ. ಆಸ್ಪತ್ರೆಯ ದಾಖಲೆ ಸೇರಿದ ಡೇಟಾ ಆದರೆ ಇನ್ನೂ ಬಿಗಿ. ಅದು ಯೂನಿವರ್ಸಿಟಿಯ ಸರ್ವರ್ ಬಿಟ್ಟು ಹೊರಗೆ ಬರುವಂತಿಲ್ಲ. ಪೆನ್‌ಡ್ರೈವ್ ಹಾಕುವಂತಿಲ್ಲ. ಟೇಬಲ್ಲಿನ ಒಂದು ಚೌಕದಲ್ಲಿ ಮೂರೋ ನಾಲ್ಕೋ ಮಕ್ಕಳಷ್ಟೇ ಇದ್ದರೆ ಆ ಸಂಖ್ಯೆಯನ್ನು ಮುಚ್ಚಿಯೇ ಪ್ರಕಟಿಸಬೇಕು. ಎಥಿಕ್ಸ್ ಕಮಿಟಿ ಒಪ್ಪದೆ ನಾವು ಫೈಲ್ ಮುಟ್ಟುವ ಹಾಗಿಲ್ಲ.

ಇನ್ನೊಂದು ಮಾತು. ಬೇಡ ಅನ್ನುವ ಹಕ್ಕು ನಿಮಗೆ ಮೊದಲಿಂದಲೂ ಇತ್ತು. ಮಧ್ಯದಲ್ಲಿ ನಿಲ್ಲಿಸುವ ಹಕ್ಕೂ ಇತ್ತು. ಬಂದವರು ಇದನ್ನು ನಿಮಗೆ ಅರ್ಥವಾಗುವ ಹಾಗೆ ಹೇಳಿರದಿದ್ದರೆ ಅದು ಅವರ ತಪ್ಪು. ಚೀಟಿಯಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ.

ಪ್ರಶ್ನೆ: ಚಾರ್ಟಿನಲ್ಲಿ ನನ್ನ ಮಗಳ ಎತ್ತರದ ಚುಕ್ಕಿ ಕೆಳಗಿನ ಗೆರೆಗಿಂತ ಸ್ವಲ್ಪ ಕೆಳಗೆ ಬಿದ್ದಿದೆ. ಮೂರು ದಿನದಿಂದ ನಿದ್ದೆ ಇಲ್ಲ.
— ಒಬ್ಬ ತಾಯಿ

ಒಂದು ಚುಕ್ಕಿಗೆ ಹೆದರಬೇಡಿ. ಆ ಗೆರೆ ಅಂದರೆ ಝಡ್ ಸ್ಕೋರ್ ಮೈನಸ್ 2. ಚೆನ್ನಾಗಿ ಬೆಳೆಯುತ್ತಿರುವ ಆರೋಗ್ಯವಂತ ಮಕ್ಕಳಲ್ಲೂ ನೂರಕ್ಕೆ ಇಬ್ಬರು ಮೂವರು ಅದರ ಕೆಳಗೇ ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಂದ ಚಾರ್ಟು ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಆರು ದೇಶಗಳ ಸುಮಾರು 8,500 ಮಕ್ಕಳನ್ನು ನೋಡಿ ಮಾಡಿದ್ದು. ಅಲ್ಲಿ ಪಳಗಿದ ಇಬ್ಬರು ಬೇರೆ ಬೇರೆಯಾಗಿ ಅಳೆಯುತ್ತಿದ್ದರು. ಇಬ್ಬರ ಅಳತೆಯಲ್ಲಿ 7 ಮಿ.ಮೀವರೆಗೆ ವ್ಯತ್ಯಾಸ ಬಂದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿಯಾದರೆ ಮತ್ತೆ ಅಳೆಯಬೇಕಿತ್ತು. ಅವರಿಗೇ ಅಷ್ಟು ಮಾಫಿ ಇದ್ದಮೇಲೆ ಗೋಡೆಗೆ ನಿಲ್ಲಿಸಿ ಗುರುತು ಹಾಕಿದ ಅಳತೆಯ ಅರ್ಧ ಸೆಂಟಿಮೀಟರಿಗೆ ನೀವು ಯಾಕೆ ನಿದ್ದೆ ಕೆಡಬೇಕು? ನೋಡಬೇಕಾದ್ದು ಚುಕ್ಕಿಗಳನ್ನು ಕೂಡಿಸಿದ ಗೆರೆ. ಅದು ತಿಂಗಳಿಂದ ತಿಂಗಳಿಗೆ ಕೆಳಕ್ಕೆ ಬಾಗುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಪ್ರಶ್ನೆ: ಇಷ್ಟೆಲ್ಲ ಲೆಕ್ಕ ಹಾಕಿ ಒಂದಾದರೂ ಮಗು ಉಳಿದಿದೆಯಾ? ನಮ್ಮ ತೆರಿಗೆ ಹಣ ಎಲ್ಲಿಗೆ ಹೋಗುತ್ತಿದೆ ಅಂತ ಸುಮ್ನೆ ಕೇಳುತ್ತಿದ್ದೇನೆ.
— ನಿವೃತ್ತ ಮೇಷ್ಟ್ರು

ಸುಮ್ನೆ ಕೇಳಿದ ಹಾಗಿಲ್ಲ ಮೇಷ್ಟ್ರೇ. ಆದರೂ ನ್ಯಾಯವಾದ ಪ್ರಶ್ನೆ.

ಎಳೆ ಕೂಸುಗಳನ್ನು ಬೋರಲು ಮಲಗಿಸಿ ಅಂತ ಪಶ್ಚಿಮದ ದೇಶಗಳಲ್ಲಿ ಡಾಕ್ಟರುಗಳೇ ಹೇಳುತ್ತಿದ್ದ ಕಾಲ ಇತ್ತು. ರಾತ್ರಿ ಚೆನ್ನಾಗಿ ಮಲಗಿದ ಕೂಸು ಬೆಳಿಗ್ಗೆ ಏಳುತ್ತಿರಲಿಲ್ಲ. ಕಾರಣ ಗೊತ್ತಾಗದೆ ತಾಯಂದಿರು ತಮ್ಮನ್ನೇ ಹಳಿದುಕೊಳ್ಳುತ್ತಿದ್ದರು. 1987ರಿಂದ 1990ರವರೆಗೆ ನ್ಯೂಜಿಲೆಂಡಿನಲ್ಲಿ ಹೀಗೆ ಸತ್ತ ಕೂಸುಗಳ ಮನೆಗಳಲ್ಲೂ, ಬದುಕಿದ್ದ ಕೂಸುಗಳ ಮನೆಗಳಲ್ಲೂ ಒಂದೇ ಪ್ರಶ್ನೆಗಳನ್ನು ಕೇಳಿದರು. ಬೋರಲು ಮಲಗಿಸುವುದು ಅಪಾಯ ಅನ್ನುವುದು ಸ್ಪಷ್ಟವಾಯಿತು. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ 'ಅಂಗಾತ ಮಲಗಿಸಿ' ಅಂತ ಪ್ರಚಾರ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಅಂಥ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಔಷಧಿ ಇಲ್ಲ, ಮೆಷಿನ್ ಇಲ್ಲ. ಮಗ್ಗುಲು ಬದಲಿಸಿದ್ದಷ್ಟೇ.

ನಿಮ್ಮ ಸಿಟ್ಟಿಗೂ ಇದರಲ್ಲೇ ಜಾಗ ಇದೆ. 2005ರಲ್ಲಿ ಕೆಲವರು ಹಳೆಯ ಅಧ್ಯಯನಗಳನ್ನೆಲ್ಲ ಹುಡುಕಿ ಒಟ್ಟು ಹಾಕಿದರು. 1970ರ ಹೊತ್ತಿಗೇ ಸಾಕಷ್ಟು ಸಾಕ್ಷಿ ಇತ್ತಂತೆ. ಆಗಲೇ ಯಾರಾದರೂ ಕೂಡಿಸಿ ನೋಡಿದ್ದರೆ ಬ್ರಿಟನ್ ಒಂದರಲ್ಲೇ 10,000ಕ್ಕೂ ಜಾಸ್ತಿ ಕೂಸುಗಳು ಉಳಿಯುತ್ತಿದ್ದವು ಅನ್ನುವುದು ಅವರ ಅಂದಾಜು. ಲೆಕ್ಕ ಹಾಕಿದ್ದಕ್ಕೆ ಬೈದರೆ ಬೈಯಿರಿ. ಲೆಕ್ಕ ಹಾಕದೆ ಇಪ್ಪತ್ತು ವರ್ಷ ಬಿಟ್ಟದ್ದಕ್ಕೂ ಬೈಯಬೇಕು. ಯಾರಿಗೂ ಉಪಯೋಗವಿಲ್ಲದ ಪೇಪರುಗಳು ನಮ್ಮಲ್ಲಿ ಬೇಕಾದಷ್ಟಿವೆ, ಅದನ್ನು ನಾನು ಅಲ್ಲಗಳೆಯಲ್ಲ.

ಪ್ರಶ್ನೆ: ಪಿಎಚ್‌ಡಿ ಮಾಡುತ್ತಿದ್ದೇನೆ. ಕಡಿಮೆ ತೂಕದ ಮಕ್ಕಳನ್ನು ಮಾತ್ರ ತೆಗೆದುಕೊಂಡು ನೋಡಿದರೆ, ಸಿಗರೇಟು ಸೇದುವ ತಾಯಂದಿರ ಮಕ್ಕಳೇ ಜಾಸ್ತಿ ಬದುಕಿದ್ದಾರೆ! ಗೈಡ್ 'ಬೇಗ ಪೇಪರ್ ಬರಿ' ಅನ್ನುತ್ತಿದ್ದಾರೆ. ಏನು ಮಾಡಲಿ?
— ಒಬ್ಬ ಸಂಶೋಧನಾ ವಿದ್ಯಾರ್ಥಿ

ಬರೆಯಬೇಡಿ. ಈ ವಿಚಿತ್ರ 1971ರಲ್ಲೇ ಅಮೆರಿಕದ ಯೆರುಶಾಲ್ಮಿ ಅನ್ನುವವರಿಗೆ ಸಿಕ್ಕಿತ್ತು. ಹಾಗಾದರೆ ಸಿಗರೇಟಿನಿಂದ ಮಗುವಿಗೆ ತೊಂದರೆ ಇಲ್ಲವೇ ಅಂತ ದೊಡ್ಡ ಗದ್ದಲವೇ ಆಯಿತು.

ನಿಧಾನವಾಗಿ ಯೋಚಿಸಿ. ಮಗು ಸಣ್ಣದಾಗಿ ಹುಟ್ಟುವುದಕ್ಕೆ ಹಲವು ಕಾರಣ. ತಾಯಿ ಸಿಗರೇಟು ಸೇದಿರಬಹುದು. ಅಥವಾ ಮಗುವಿಗೆ ಹುಟ್ಟಿನಿಂದಲೇ ದೊಡ್ಡ ದೋಷ ಇರಬಹುದು. ನೀವು ಸಣ್ಣ ಮಕ್ಕಳನ್ನಷ್ಟೇ ಆರಿಸಿ ಒಂದು ಕೋಣೆಯಲ್ಲಿ ಕೂರಿಸಿದ್ದೀರಿ. ಆ ಕೋಣೆಯಲ್ಲಿ ಸಿಗರೇಟು ಮುಟ್ಟದ ತಾಯಿಯ ಮಗು ಯಾಕೆ ಸಣ್ಣದಾಯಿತು? ಸಿಗರೇಟಿನಿಂದ ಅಲ್ಲ ಅನ್ನುವುದು ಖಾತ್ರಿ. ಹಾಗಾದರೆ ಬೇರೆ ಯಾವುದೋ ಕಾರಣ, ಬಹಳ ಸಲ ಇನ್ನೂ ಕೆಟ್ಟದ್ದು. ಅದಕ್ಕೇ ಆ ಮಕ್ಕಳು ಜಾಸ್ತಿ ಸಾಯುತ್ತಾರೆ. ಅವರ ಪಕ್ಕದಲ್ಲಿ ನಿಂತರೆ ಸಿಗರೇಟಿನ ಮಕ್ಕಳು ವಾಸಿ ಅಂತ ಕಾಣುತ್ತದೆ ಅಷ್ಟೇ. ಕೋಣೆಯ ಬಾಗಿಲು ತೆಗೆದು ಎಲ್ಲ ತೂಕದ ಮಕ್ಕಳನ್ನೂ ಸೇರಿಸಿ ನೋಡಿ, ಸಿಗರೇಟು ಸೇದುವವರ ಮಕ್ಕಳೇ ಜಾಸ್ತಿ ಸಾಯುತ್ತಿರುವುದು ಕಾಣುತ್ತದೆ. ಹೀಗೆ ಕಾರಣಕ್ಕೂ ಸಾವಿಗೂ ನಡುವೆ ಬರುವ, ತೂಕದಂಥ ಒಂದು ಅಳತೆಯನ್ನು ಹಿಡಿದು ಆರಿಸಿದರೆ ಲೆಕ್ಕ ತಿರುಗುಮುರುಗಾಗುತ್ತದೆ ಅಂತ 2006ರ ಸುಮಾರಿಗೆ ಬಿಡಿಸಿ ತೋರಿಸಿದ್ದಾರೆ.

ಗೈಡ್ ಹತ್ತಿರ 'ನೀವು ಹೇಳಿದ್ದು ತಪ್ಪು' ಅಂತ ಹೋಗಬೇಡಿ, ಕೆಲಸ ಕೆಡುತ್ತದೆ. ಎರಡು ಟೇಬಲ್ ಪ್ರಿಂಟ್ ತೆಗೆಯಿರಿ. ಒಂದು ಬರೀ ಸಣ್ಣ ಮಕ್ಕಳದ್ದು, ಇನ್ನೊಂದು ಎಲ್ಲರದ್ದು. ಪಕ್ಕ ಪಕ್ಕ ಇಟ್ಟು, 'ಸರ್, ಇವೆರಡೂ ಹೀಗೆ ಯಾಕೆ ಉಲ್ಟಾ ಬಂದಿವೆ?' ಅಂತ ಕೇಳಿ. ಒಳ್ಳೆಯ ಗೈಡ್ ಆದರೆ ಅಲ್ಲಿಂದ ಮುಂದೆ ಅವರೇ ಎಳೆದುಕೊಂಡು ಹೋಗುತ್ತಾರೆ.

ಪ್ರಶ್ನೆ: ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ನಮಗೆ ಕಣ್ಣೆದುರು ಕಾಣುವುದು ನಿಮಗೆ ಅಂಕಿ. ಮನಸ್ಸಿಗೆ ಏನೂ ಅನಿಸುವುದಿಲ್ಲವೇ?
— ಒಬ್ಬ ನರ್ಸ್

ಅನಿಸುತ್ತದೆ ಸಿಸ್ಟರ್. ಡಿಎಚ್‌ಎಸ್ ಫೈಲಿನಲ್ಲಿ ಬಿ5 ಅಂತ ಒಂದು ಕಾಲಂ ಇದೆ. ಮಗು ಇದ್ದರೆ 1, ಇಲ್ಲದಿದ್ದರೆ 0. ಪಕ್ಕದ ಬಿ6ರಲ್ಲಿ ಹೋದಾಗ ಎಷ್ಟು ವಯಸ್ಸು ಅಂತ. ಮೊದಲ ಅಂಕಿ 1 ಇದ್ದರೆ ದಿನ, 2 ಇದ್ದರೆ ತಿಂಗಳು, 3 ಇದ್ದರೆ ವರ್ಷ. 103 ಅಂದರೆ ಮೂರು ದಿನ. 207 ಅಂದರೆ ಏಳು ತಿಂಗಳು. ಕೋಡ್ ಬರೆಯುವಾಗ ಇವೆಲ್ಲ ಬರೀ ಸಂಖ್ಯೆಗಳೇ, ಹಾಗಿರದಿದ್ದರೆ ಕೆಲಸ ಸಾಗದು. ಆದರೆ ತಪ್ಪು ಹುಡುಕುವುದಕ್ಕೆ ಒಂದೊಂದೇ ಮನೆಯ ಸಾಲು ತೆರೆದು ಓದಬೇಕಾಗುತ್ತದೆ. ಒಬ್ಬಳೇ ತಾಯಿ, ಐದು ಹೆರಿಗೆ: 103, 101, ಖಾಲಿ, 207, ಖಾಲಿ. ಖಾಲಿ ಅಂದರೆ ಮಗು ಬದುಕಿದೆ ಅಂತ. ಅಂಥ ದಿನ ನಾನು ಅದರ ಮೇಲೆ ಇನ್ನೊಂದು ಲೆಕ್ಕಕ್ಕೆ ಕೈ ಹಾಕುವುದಿಲ್ಲ. ನಿಮ್ಮ ಕೆಲಸದ ಭಾರಕ್ಕೆ ಇದನ್ನು ಹೋಲಿಸುತ್ತಿಲ್ಲ.

ಪ್ರಶ್ನೆ: ಈ ಕೆಲಸಕ್ಕೆ ಎಂಬಿಬಿಎಸ್ ಆಗಿರಬೇಕಾ? ಗಣಿತ ಗಟ್ಟಿ ಇರಬೇಕಾ?
— ಪಿಯುಸಿ ವಿದ್ಯಾರ್ಥಿ

ಎಂಬಿಬಿಎಸ್ ಬೇಡ. ಗಣಿತ ಬೇಕು, ಭಯಪಡುವಷ್ಟಲ್ಲ. ತಾಳ್ಮೆ ಜಾಸ್ತಿ ಬೇಕು.

ಪ್ರಶ್ನೆ: ನೌಕರಿ ಭದ್ರವಾ? ಶುರು ಮಾಡುವುದು ಎಲ್ಲಿಂದ?
— ಎಂಎಸ್ಸಿ ಮುಗಿಸಿದವರು, ಮೂವರು ಬೇರೆ ಬೇರೆ ಬರೆದಿದ್ದಾರೆ

ಭದ್ರ ಅಂತ ಹೇಳಿ ನಿಮ್ಮನ್ನು ಕರೆತರಲಾರೆ. ಪ್ರೊಫೆಸರ್ ಹುದ್ದೆ ಸಿಗುವವರೆಗೆ ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಹಾರುತ್ತಾ ಇರಬೇಕು. ಗ್ರಾಂಟ್ ಮುಗಿದರೆ ಸಂಬಳ ಮುಗಿಯಿತು. ದೊಡ್ಡವರ ಕಥೆಯೂ ಅದೇ. 1984ರಿಂದ ನಡೆದು ಬಂದ ಡಿಎಚ್‌ಎಸ್ ಕಾರ್ಯಕ್ರಮಕ್ಕೆ 2025ರಲ್ಲಿ ಅಮೆರಿಕ ಸರ್ಕಾರ ಹಣ ನಿಲ್ಲಿಸಿತು. ಅದೇ ಡೇಟಾ ನಂಬಿಕೊಂಡಿದ್ದ ಎಷ್ಟೋ ವಿದ್ಯಾರ್ಥಿಗಳು ದಾರಿ ಮಧ್ಯೆ ನಿಂತರು. ಇಂಥ ಕೆಲಸದಲ್ಲಿ ಕಾಯುವ ಹಣ ಬೇಕು. ಬ್ರಿಟನ್ನಿನಲ್ಲಿ 1946ರ ಮಾರ್ಚ್‌ನ ಒಂದೇ ವಾರದಲ್ಲಿ ಹುಟ್ಟಿದವರಲ್ಲಿ 5,362 ಮಕ್ಕಳನ್ನು ಹಿಡಿದು ಇಂದಿಗೂ ಬೆನ್ನು ಬಿಡದೆ ನೋಡುತ್ತಿದ್ದಾರೆ. ಆ ಕೂಸುಗಳಿಗೆ ಈಗ 80ರ ಆಸುಪಾಸು. ಶುರು ಮಾಡಿದವರು ಕೊನೆ ನೋಡಲಿಲ್ಲ. ನಡುವೆ ಹಣಕ್ಕಾಗಿ ಪರದಾಡಿದ್ದೂ ಇದೆ.

ಶುರು ಮಾಡಲು ಮಾತ್ರ ಖರ್ಚಿಲ್ಲ. 'ಆರ್' ಅನ್ನುವ ಸಾಫ್ಟ್‌ವೇರ್ ಪುಕ್ಕಟೆ. ಝಡ್ ಸ್ಕೋರ್ ಹಾಕುವ ವಿಶ್ವ ಆರೋಗ್ಯ ಸಂಸ್ಥೆಯ 'ಆಂತ್ರೊ' ಕೂಡ ಪುಕ್ಕಟೆ. ಯುನಿಸೆಫ್ 1990ರ ದಶಕದಿಂದ ನಡೆಸುತ್ತಿರುವ 'ಮಿಕ್ಸ್' ಸರ್ವೆಗಳ ಡೇಟಾ ಹೆಸರು ನೋಂದಾಯಿಸಿ, ಯಾಕೆ ಬೇಕು ಅಂತ ಬರೆದು ಕೇಳಿದರೆ ಸಿಗುತ್ತದೆ.

ಆದರೆ ಮೊದಲ ವಾರ ಡೇಟಾ ಫೈಲ್ ತೆರೆಯಬೇಡಿ. ಪ್ರಶ್ನಾವಳಿ ಇಳಿಸಿಕೊಂಡು ಮೊದಲಿಂದ ಕೊನೆಯವರೆಗೆ ಓದಿ. ಆಮೇಲೆ ಮಕ್ಕಳಿರುವ ಪರಿಚಯದವರೊಬ್ಬರನ್ನು ಒಪ್ಪಿಸಿ, ಕೂರಿಸಿ, ಒಂದೂ ಬಿಡದೆ ಕೇಳಿ. ಯಾವ ಪ್ರಶ್ನೆಗೆ ಅವರು ಗಡಿಯಾರ ನೋಡಿದರು, ಯಾವುದಕ್ಕೆ ರೌಂಡ್ ಫಿಗರ್ ಹೇಳಿದರು, ಯಾವುದಕ್ಕೆ ಮಾತು ತಪ್ಪಿಸಿದರು ಅಂತ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಉತ್ತರಗಳನ್ನು ಹರಿದು ಹಾಕಿ, ಗುರುತುಗಳನ್ನು ಮಾತ್ರ ಇಟ್ಟುಕೊಳ್ಳಿ. ಫೈಲ್ ತೆರೆದಾಗ ಮೊದಲು ಆ ಕಾಲಂಗಳಿಗೇ ಹೋಗಿ.

ಮುಂದಿನ ಸಂಚಿಕೆಗೆ ಲಸಿಕೆ ಕಾರ್ಡುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಎತ್ತಿಟ್ಟಿದ್ದೇನೆ. ಬರೆಯುವವರು ದಯವಿಟ್ಟು ಮಗುವಿನ ಹೆಸರು, ಫೋಟೋ, ಆಸ್ಪತ್ರೆಯ ಚೀಟಿ ಕಳಿಸಬೇಡಿ. ವಯಸ್ಸು ಮತ್ತು ಪ್ರಶ್ನೆ ಇದ್ದರೆ ಸಾಕು.